ಕಿಡ್ನಿ ಕಾಯಿಲೆ ಇರುವವರು ಸಾಸ್, ಉಪ್ಪಿನಕಾಯಿ, ಚಟ್ನಿಪುಡಿ ತಿನ್ನಬಹುದೇ? ಲೇಬಲ್‌ನಲ್ಲಿ ಈ ಒಂದು ಅಂಕಿ ನೋಡಿ

ಪುಣೆಯ ಹಡಪ್ಸರ್ ಬಳಿ ರೈತರೇ ತಮ್ಮ ಜಮೀನು ಒಗ್ಗೂಡಿಸಿ ಕಟ್ಟಿದ ಮಗರಪಟ್ಟಾ ಸಿಟಿ ಇಂದು ದೊಡ್ಡ ಐಟಿ ಕೇಂದ್ರ. ಇಲ್ಲಿ ದುಡಿಯುವ ಕನ್ನಡಿಗರ ದಿನಚರಿ ಹೆಚ್ಚುಕಡಿಮೆ ಹೀಗಿರುತ್ತದೆ: ಸಂಜೆ ವಡಾಪಾವ್ ಜೊತೆ ಒಣ ಬೆಳ್ಳುಳ್ಳಿ ಚಟ್ನಿ, ರಾತ್ರಿ ಪಾರ್ಸೆಲ್ ಫ್ರೈಡ್ ರೈಸ್, ಮನೆಯಲ್ಲಿದ್ದರೆ ಊರಿನಿಂದ ಬಂದ ಶೇಂಗಾ ಚಟ್ನಿಪುಡಿ. ದೀರ್ಘಕಾಲದ ಮೂತ್ರಪಿಂಡ ಕಾಯಿಲೆ, ಅಂದರೆ ಸಿಕೆಡಿ ಇರುವವರಿಗೆ ಈ 'ಸೈಡ್' ಪದಾರ್ಥಗಳೇ ತೊಂದರೆ ತರಬಹುದು.

ಉಪ್ಪು ಏಕೆ ಅಪಾಯ?

ಕಿಡ್ನಿ ದುರ್ಬಲವಾದಾಗ ಹೆಚ್ಚುವರಿ ಸೋಡಿಯಂ ಹೊರಹೋಗುವುದಿಲ್ಲ. ಅದರೊಂದಿಗೆ ನೀರೂ ದೇಹದಲ್ಲೇ ಉಳಿಯುತ್ತದೆ. ಕಾಲು ಊತ, ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು. ಬಿಪಿ ಏರಿ ಕಿಡ್ನಿಗೆ ಇನ್ನಷ್ಟು ಹಾನಿಯಾಗುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೆ ಬಾಯಾರಿಕೆ ಹೆಚ್ಚಿ, ನೀರಿನ ಮಿತಿ ಪಾಲಿಸುವುದೇ ಕಷ್ಟವಾಗುತ್ತದೆ.

ದಿನಕ್ಕೆ ಎಷ್ಟು?

ಸಿಕೆಡಿ ಇರುವವರಿಗೆ ದಿನಕ್ಕೆ 2,000 ಮಿ.ಗ್ರಾಂಗಿಂತ ಕಡಿಮೆ ಸೋಡಿಯಂ ಎಂಬುದು ಸಾಮಾನ್ಯ ಮಿತಿ. ಇದು ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು. ಒಂದು ಟೇಬಲ್ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿ.ಗ್ರಾಂ ಸೋಡಿಯಂ ಇರುತ್ತದೆ. ಎರಡು ಚಮಚ ಬಿದ್ದರೆ ದಿನದ ಲೆಕ್ಕ ಬಹುತೇಕ ಮುಗಿದಂತೆ. ಒಂದು ಟೇಬಲ್ ಚಮಚ ಟೊಮೆಟೊ ಕೆಚಪ್‌ನಲ್ಲಿ ಸುಮಾರು 150 ಮಿ.ಗ್ರಾಂ ಇರುತ್ತದೆ. ಮನೆಯ ಉಪ್ಪಿನಕಾಯಿಗೆ ಲೇಬಲ್ ಇರುವುದಿಲ್ಲ, ಆದರೆ ಅದು ಕೆಡದಂತೆ ಕಾಯುವುದೇ ಉಪ್ಪು.

'ಲೋ ಸೋಡಿಯಂ' ಉಪ್ಪು ಸುರಕ್ಷಿತವೇ?

ಇಲ್ಲಿ ಎಚ್ಚರ ಅಗತ್ಯ. ಇಂಥ ಉಪ್ಪುಗಳಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ಸರಿಯಿಲ್ಲದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ಬಡಿತವೇ ಏರುಪೇರಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿ ಈ ಉಪ್ಪಿನ ಶಿಫಾರಸಿನಿಂದ ಕಿಡ್ನಿ ಸಮಸ್ಯೆ ಇರುವವರನ್ನು ಹೊರಗಿಟ್ಟಿದೆ. ಇನ್ನು ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಹೀಗೆ ಮಾಡಿ

* ಬಾಟಲಿಯ ಹಿಂದೆ 100 ಗ್ರಾಂಗೆ ಎಷ್ಟು ಸೋಡಿಯಂ ಎಂದು ನೋಡಿ. ಅದನ್ನು 2.5ರಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ.
* ಪಟ್ಟಿಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅಥವಾ ಫಾಸ್ಫೇಟ್ ಇದ್ದರೆ ವೈದ್ಯರನ್ನು ಕೇಳದೆ ಬಳಸಬೇಡಿ.
* ಅಜಿನೊಮೊಟೊ, ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ, ಮರೆಯಬೇಡಿ.
* ಹೋಟೆಲ್‌ನಲ್ಲಿ ಸಾಸ್, ಚಟ್ನಿ ಬೇರೆಯಾಗಿ ಕೊಡಲು ಹೇಳಿ.
* ಚಟ್ನಿಪುಡಿಯನ್ನು ಮನೆಯಲ್ಲೇ ಉಪ್ಪಿಲ್ಲದೆ ಮಾಡಿ. ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ನಿಂಬೆರಸ ರುಚಿ ಕೊಡುತ್ತವೆ.
* ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಪಲ್ಯಕ್ಕೂ ಕಡಿಮೆ ಮಾಡಿದರೆ ಅರ್ಧ ಕೆಲಸ ಆದಂತೆ.

ಮೊದಲ ಕೆಲವು ದಿನ ಊಟ ಸಪ್ಪೆ ಎನಿಸಬಹುದು. ಕೆಲವೇ ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

ಸೂಚನೆ: ಇದು ಸಾಮಾನ್ಯ ಮಾಹಿತಿ ಮಾತ್ರ. ಕಾಯಿಲೆಯ ಹಂತ, ರಕ್ತಪರೀಕ್ಷೆ ಹಾಗೂ ಔಷಧಿಗೆ ತಕ್ಕಂತೆ ಮಿತಿ ಬದಲಾಗುತ್ತದೆ. ನಿಮ್ಮ ಕಿಡ್ನಿ ತಜ್ಞರು ಹಾಗೂ ಆಹಾರ ತಜ್ಞರ ಸಲಹೆ ಪಡೆಯಿರಿ.