ಲೋರಾವ್ಯಾನ್: ಅಪರೂಪಕ್ಕೆ ಮಾತಾಡುವ ಸಂವೇದಕಗಳ ಜಾಲ

ತೋಟದ ಮಣ್ಣಿನ ತೇವವಾಗಲಿ, ಕೆರೆಯ ನೀರಿನ ಮಟ್ಟವಾಗಲಿ ನಿಮಿಷ ನಿಮಿಷಕ್ಕೂ ಬದಲಾಗುವುದಿಲ್ಲ. ಅರ್ಧ ಗಂಟೆಗೊಂದು ಅಂಕಿ ಬಂದರೂ ಸಾಕು. ಆದರೆ ಅಳೆಯಬೇಕಾದ ಜಾಗದಲ್ಲಿ ಕರೆಂಟೂ ಇಲ್ಲ, ವೈಫೈಯೂ ಇಲ್ಲ. ಬ್ಯಾಟರಿ ಬದಲಿಸಲು ಪದೇ ಪದೇ ಹೋಗುವುದೂ ಆಗದ ಮಾತು. ಇಂಥ ಕೆಲಸಕ್ಕೆ ಒಗ್ಗುವ ಜಾಲ ಲೋರಾವ್ಯಾನ್. ಸುಮ್ಮನಿರುವುದೇ ಅದರ ಜಾಣತನ.

ಹಿನ್ನೆಲೆ

ಇಂಥ ಸಂವೇದಕ ಜಾಲಗಳ ಪ್ರಯತ್ನ ಲೋರಾವ್ಯಾನ್‌ಗಿಂತ ಹಳೆಯದು. ಅಮೆರಿಕದ ಮೇಯ್ನ್ ರಾಜ್ಯದ ಗ್ರೇಟ್ ಡಕ್ ದ್ವೀಪದಲ್ಲಿ 2002ರಲ್ಲಿ ಕಡಲಹಕ್ಕಿಗಳ ಬಿಲಗಳೊಳಗೆ ಪುಟ್ಟ ಸಂವೇದಕಗಳನ್ನು ಇಡಲಾಯಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್ಎಲ್ ಸೇರಿ ಪಾವಗಡ ತಾಲ್ಲೂಕಿನ ಚನ್ನಕೇಶವಪುರದಲ್ಲಿ, ಮಳೆಯನ್ನೇ ನಂಬಿದ ಬೇಸಾಯಗಾರರಿಗಾಗಿ ಸಂವೇದಕ ಜಾಲವೊಂದನ್ನು ಹೂಡಿದವು. ಆ ಕಾಲದ ರೇಡಿಯೊಗಳು ಹೆಚ್ಚು ದೂರ ಹೋಗುತ್ತಿರಲಿಲ್ಲ. ದೂರದ ಅಂಕಿ ತಲುಪಬೇಕಾದರೆ ನಡುವಿನ ಸಂವೇದಕಗಳು ಕೈಯಿಂದ ಕೈಗೆ ದಾಟಿಸಬೇಕು, ಅದಕ್ಕಾಗಿ ಎಚ್ಚರವಿರಬೇಕು. ಬೇರೆಯವರ ಮಾತು ಹೊರುವುದರಲ್ಲೇ ಬ್ಯಾಟರಿ ಸವೆಯುತ್ತಿತ್ತು.

ಈ ತೊಡಕಿಗೆ ಬೇರೆ ದಾರಿ ಸಿಕ್ಕಿದ್ದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಅಲ್ಲಿನ ಸೈಕ್ಲಿಯೋ ಕಂಪನಿ ರೂಪಿಸಿದ ಲೋರಾ ಎಂಬ ರೇಡಿಯೊ ತಂತ್ರವನ್ನು 2012ರಲ್ಲಿ ಚಿಪ್ ಕಂಪನಿ ಸೆಮ್‌ಟೆಕ್ ಕೊಂಡಿತು. ಅದರ ಮೇಲೆ ಕಟ್ಟಿದ ನಿಯಮಾವಳಿಯೇ ಲೋರಾವ್ಯಾನ್. 2015ರಲ್ಲಿ ಹುಟ್ಟಿದ ಕಂಪನಿಗಳ ಒಕ್ಕೂಟ ಲೋರಾ ಅಲೈಯನ್ಸ್ ಅದನ್ನು ನೋಡಿಕೊಳ್ಳುತ್ತದೆ.

ಕೆಲಸ ಮಾಡುವ ಬಗೆ

ಲೋರಾ ತನ್ನ ಅಲೆಯ ಕಂಪನಾಂಕವನ್ನು ಸಿಳ್ಳೆಯ ಸ್ವರ ಏರಿದಂತೆ ಏರಿಸುತ್ತದೆ. ಆ ಏರಿಕೆ ಎಲ್ಲಿಂದ ಶುರುವಾಯಿತು ಎಂಬುದರಲ್ಲೇ ಸಂದೇಶ ಅಡಗಿರುತ್ತದೆ. ಏರಿಕೆಯನ್ನು ನಿಧಾನವಾಗಿಸುವ ಹಂತಗಳಿಗೆ 7ರಿಂದ 12ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. 12ನೇ ಹಂತದಲ್ಲಿ ಸಂಕೇತದ ಬಲ ಸುತ್ತಲ ಗದ್ದಲದ ನೂರರಲ್ಲೊಂದು ಪಾಲಿಗೆ ಇಳಿದರೂ, ಸಂವೇದಕಗಳ ಅಂಕಿಯನ್ನು ಬರಮಾಡಿಕೊಳ್ಳುವ ಕೇಂದ್ರವಾದ ಗೇಟ್‌ವೇ ಅದನ್ನು ಹೆಕ್ಕಿಕೊಳ್ಳಬಲ್ಲದು. ಬೆಲೆ ಏನೆಂದರೆ ಸಮಯ. ಹತ್ತು ಬೈಟ್‌ಗಳ ಅಂಕಿ 7ರಲ್ಲಿ ಸುಮಾರು 60 ಮಿಲಿಸೆಕೆಂಡಿನಲ್ಲಿ ಹೋದರೆ 12ರಲ್ಲಿ ಒಂದೂವರೆ ಸೆಕೆಂಡು ಬೇಕು. ಬ್ಯಾಟರಿಯ ಖರ್ಚೂ ಅದೇ ಲೆಕ್ಕದಲ್ಲಿ ಏರುತ್ತದೆ. ಆದ್ದರಿಂದ ಗೇಟ್‌ವೇಗೆ ಹತ್ತಿರವಿರುವ ಸಂವೇದಕ ಬೇಗ ಹೇಳಿ ಮುಗಿಸುವಂತೆ ಜಾಲವೇ ಹಂತ ಇಳಿಸುತ್ತದೆ.

ಸಂವೇದಕದಿಂದ ಗೇಟ್‌ವೇಗೆ ಒಂದೇ ನೆಗೆತ, ನಡುವೆ ಯಾರೂ ಇಲ್ಲ. ಉಳಿದ ಹೊತ್ತು ಸಂವೇದಕಕ್ಕೆ ನಿದ್ದೆ. ಆಗ ಬೇಕಾಗುವುದು ಕೆಲವೇ ಮೈಕ್ರೋಆಂಪಿಯರ್. ಬಯಲಿನಲ್ಲಿ ಕೆಲವು ಕಿಲೋಮೀಟರ್ ತಲುಪುವುದು ಸಾಮಾನ್ಯ. 2017ರಲ್ಲಿ ಬಲೂನಿನಿಂದ ಹೊರಟ ಸಂಕೇತವೊಂದು 702 ಕಿ.ಮೀ. ಆಚೆ ಕೇಳಿಸಿತ್ತು, ಆದರೆ ಆ ಬಲೂನು ಆಗ ಸುಮಾರು 38 ಕಿ.ಮೀ. ಎತ್ತರದಲ್ಲಿತ್ತು. ಮಾರಾಟಗಾರರು ಈ ಎರಡನೆಯ ಮಾತನ್ನು ಹೇಳುವುದು ಕಡಿಮೆ.

ಭಾರತದಲ್ಲಿ ಲೋರಾವ್ಯಾನ್ 865 ಮೆಗಾಹರ್ಟ್ಸ್ ಆಸುಪಾಸಿನ, ಪರವಾನಗಿ ಬೇಡದ ಕಂಪನಾಂಕ ಪಟ್ಟಿಯಲ್ಲಿ ನಡೆಯುತ್ತದೆ.

ಮಿತಿಗಳು

ಸಂವೇದಕ ಮಾತಾಡಿದ ಮೇಲೆ ಎರಡು ಬಾರಿ ಮಾತ್ರ ತುಸು ಹೊತ್ತು ಕಿವಿ ತೆರೆಯುತ್ತದೆ, ಆಮೇಲೆ ಮತ್ತೆ ನಿದ್ದೆ. ಗೇಟುವಾಲ್ವ್ ಮುಚ್ಚು ಎಂದು ಈಗಲೇ ಆಜ್ಞೆ ಕೊಡಬೇಕಾದರೆ ಸದಾ ಎಚ್ಚರವಿರುವ ಬೇರೆ ವರ್ಗದ ಸಾಧನ ಬೇಕು, ಅದಕ್ಕೆ ಕರೆಂಟೂ ಬೇಕು. ಎರಡು ಸಂವೇದಕಗಳು ಒಟ್ಟಿಗೆ ಮಾತಾಡಿದರೆ ಒಂದರದ್ದೋ ಎರಡರದ್ದೋ ಅಂಕಿ ಕಳೆದುಹೋಗಬಹುದು. 1971ರ ಹವಾಯಿ ವಿಶ್ವವಿದ್ಯಾಲಯದ ಅಲೋಹಾ ರೇಡಿಯೊ ಜಾಲದಲ್ಲೂ ಇದೇ ಪಾಡಿತ್ತು.

ಇವಕ್ಕಿಂತ ದೊಡ್ಡ ತಲೆನೋವು ಸಂವೇದಕದ್ದೇ. ಉದಾಹರಣೆಗೆ, ಗಾಳಿಯ ಧೂಳು ಅಳೆಯುವ ಲೇಸರ್ ಸಾಧನದ ಫ್ಯಾನು ನಂಬಬಹುದಾದ ಅಂಕಿ ಕೊಡಲು ಸುಮಾರು ಅರ್ಧ ನಿಮಿಷ ತಿರುಗಬೇಕು. ರೇಡಿಯೊಗಿಂತ ಹೆಚ್ಚು ಬ್ಯಾಟರಿ ತಿನ್ನುವುದು ಅದು. ಮಂಜು, ತೇವ ಹೆಚ್ಚಿದಾಗ ನೀರಹನಿಯನ್ನೂ ಧೂಳೆಂದೇ ಎಣಿಸುತ್ತದೆ. ಜಾಲ ಎಷ್ಟೇ ಸೊಗಸಾಗಿದ್ದರೂ ತಪ್ಪು ಅಂಕಿ ತಪ್ಪಾಗಿಯೇ ತಲುಪುತ್ತದೆ.

ಎಲ್ಲಿ ಬೇಕು, ಎಲ್ಲಿ ಬೇಡ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿರುವ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು ಸೌರಫಲಕದಿಂದ ನಡೆದು, ಮೊಬೈಲ್ ಜಾಲದ ಮೂಲಕವೇ ಅಂಕಿ ಕಳಿಸುತ್ತವೆ. ಊರಿಗೊಂದೇ ಮಾಪಕವಿದ್ದು ಟವರ್ ಸಿಗುತ್ತಿದ್ದರೆ ಗೇಟ್‌ವೇ ನಿಲ್ಲಿಸುವುದು ದಂಡ. ಒಂದೇ ಎಸ್ಟೇಟಿನಲ್ಲೋ ಒಂದೇ ಕಾಲುವೆಯ ಉದ್ದಕ್ಕೋ ನೂರಾರು ಸಂವೇದಕಗಳು ಬೇಕಾದಾಗ, ಒಂದೊಂದಕ್ಕೂ ಸಿಮ್ ಹಾಕಿ ಬಾಡಿಗೆ ಕಟ್ಟುವ ಬದಲು ಲೋರಾವ್ಯಾನ್ ಅಗ್ಗವಾಗುತ್ತದೆ.