ಮೈದಾನಕ್ಕೆ ಬಂದ ರೇಡಿಯೋ

ಆಟವನ್ನು ಮನೆಯಲ್ಲೇ ಪುಕ್ಕಟೆಯಾಗಿ ಕೇಳುವಂತಾದರೆ ಟಿಕೆಟ್ ಕೊಳ್ಳುವವರಾರು? ಈ ಭಯದಿಂದಲೇ ನ್ಯೂಯಾರ್ಕ್ ನಗರದ ಮೂರು ಬೇಸ್‌ಬಾಲ್ ತಂಡಗಳು 1934ರಿಂದ ಐದು ವರ್ಷ ತಮ್ಮ ಪಂದ್ಯಗಳ ರೇಡಿಯೋ ಪ್ರಸಾರವನ್ನು ತಡೆಹಿಡಿದಿದ್ದವು. 1939ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಲ್ಯಾರಿ ಮ್ಯಾಕ್‌ಫೇಲ್ ಆ ಒಪ್ಪಂದವನ್ನು ಮುಂದುವರಿಸದೆ, ರೆಡ್ ಬಾರ್ಬರ್ ಎಂಬ ವೀಕ್ಷಕ ವಿವರಣೆಗಾರರನ್ನು ಸಿನ್ಸಿನಾಟಿಯಿಂದ ಕರೆತಂದರು. ಅದೇ ವರ್ಷ ಆಗಸ್ಟ್ 26ರಂದು ತಂಡದ ಎಬೆಟ್ಸ್ ಫೀಲ್ಡ್ ಮೈದಾನದಿಂದ, ಎರಡೇ ಕ್ಯಾಮೆರಾಗಳ ನೆರವಿನಿಂದ, ಮೇಜರ್ ಲೀಗ್ ಪಂದ್ಯವೊಂದು ಮೊದಲ ಬಾರಿಗೆ ಟೆಲಿವಿಷನ್‌ನಲ್ಲಿ ಮೂಡಿಬಂದಿತು.

1950ರಲ್ಲಿ ಬಾರ್ಬರ್ ಅವರೊಡನೆ ಸೇರಿದ ವಿನ್ ಸ್ಕಲ್ಲಿ, 1958ರಲ್ಲಿ ತಂಡದ ಜೊತೆಯೇ ಲಾಸ್ ಏಂಜಲೀಸ್‌ಗೆ ತೆರಳಿದರು. ಅಲ್ಲಿನ ಕಲೋಸಿಯಂ ಬಹು ವಿಶಾಲ. ಹಿಂದಿನ ಸಾಲುಗಳವರಿಗೆ ಆಟ ಸ್ಪಷ್ಟವಾಗಿ ಕಾಣದು. ಜನ ಟ್ರಾನ್ಸಿಸ್ಟರ್ ಹಿಡಿದು ಬಂದು, ಕಣ್ಣೆದುರಿನ ಆಟವನ್ನೇ ಸ್ಕಲ್ಲಿಯವರ ಬಾಯಿಂದ ಕೇಳತೊಡಗಿದರು. ಮಾಲೀಕರ ಹಳೆಯ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲವೆಂದು ನನಗೆ ತೋರುತ್ತದೆ.

ಆದರೆ 2014ರಲ್ಲಿ ತಂಡಕ್ಕೇ ಮೀಸಲಾದ ಕೇಬಲ್ ವಾಹಿನಿ ಆರಂಭವಾದಾಗ, ಶುಲ್ಕದ ಜಗಳದಿಂದಾಗಿ ನಗರದ ಹೆಚ್ಚಿನ ಮನೆಗಳಿಗೆ ಅದು ತಲುಪಲೇ ಇಲ್ಲ. ತಕರಾರು ಬಹುಮಟ್ಟಿಗೆ ಬಗೆಹರಿದದ್ದು 2020ರಲ್ಲಿ. ಅಷ್ಟರಲ್ಲಿ, 67 ಋತುಗಳ ಕಾಯಕ ಮುಗಿಸಿ ಸ್ಕಲ್ಲಿ 2016ರಲ್ಲೇ ನಿವೃತ್ತರಾಗಿದ್ದರು. ಅಂದು ಭಯ ಮುಚ್ಚಿದ್ದ ಬಾಗಿಲನ್ನು ಇಂದು ಲಾಭದ ಲೆಕ್ಕಾಚಾರ ಮುಚ್ಚಿತ್ತು. ಎರಡು ಸಲವೂ ಹೊರಗುಳಿದವನು ಕೇಳುಗನೇ.