ಮೀನುಗಳ ಕಿಣ್ವಗಳ ಮೇಲೆ ಜಲಮಾಲಿನ್ಯದ ಪರಿಣಾಮ

ನೀರಿಗೆ ಸೇರುವ ಕೀಟನಾಶಕ, ಭಾರಲೋಹ, ತೈಲ ಮುಂತಾದವು ಮೀನಿನ ದೇಹದ ಕಿಣ್ವಗಳ ಚಟುವಟಿಕೆಯನ್ನು ತಗ್ಗಿಸುತ್ತವೆ ಇಲ್ಲವೆ ಏರಿಸುತ್ತವೆ. ಇವು ಕಿವಿರು, ಚರ್ಮ ಮತ್ತು ಆಹಾರದ ಮೂಲಕ ಒಳಹೊಗುತ್ತವೆ. ಮೀನು ಸಾಯುವಷ್ಟು ವಿಷವಿಲ್ಲದಾಗಲೂ ಕಿಣ್ವಗಳಲ್ಲಿ ವ್ಯತ್ಯಾಸ ಕಾಣುವುದರಿಂದ, ಅದನ್ನು ಮಾಲಿನ್ಯದ ಮುನ್ಸೂಚನೆಯಾಗಿ ಬಳಸುತ್ತಾರೆ.

ನರಮಂಡಲ: ನರಸಂದೇಶ ಒಯ್ಯುವ ಅಸಿಟೈಲ್‌ಕೋಲಿನನ್ನು, ಅದರ ಕೆಲಸ ಮುಗಿದೊಡನೆ ಒಡೆಯುವ ಕಿಣ್ವ ಅಸಿಟೈಲ್‌ಕೋಲಿನೆಸ್ಟರೇಸ್. ಮ್ಯಾಲಥಿಯಾನ್, ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ದೇಹದೊಳಗೆ ಹೆಚ್ಚು ಪ್ರಬಲವಾದ ಆಕ್ಸಾನ್ ರೂಪ ತಳೆದು, ಈ ಕಿಣ್ವದ ಕ್ರಿಯಾಸ್ಥಾನದ ಸೆರೀನ್‌ಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಆಗ ಅಸಿಟೈಲ್‌ಕೋಲಿನ್ ಒಡೆಯದೆ ಶೇಖರವಾಗುತ್ತದೆ. ಮೀನು ನಡುಗುತ್ತದೆ, ದಿಕ್ಕುಗೆಟ್ಟು ಈಜುತ್ತದೆ, ಮೇವು ಹಿಡಿಯಲಾರದು. ವಿಷ ತೀವ್ರವಾಗಿದ್ದರೆ ಉಸಿರಾಟ ನಿಂತು ಸಾಯುತ್ತದೆ. ಕಾರ್ಬಮೇಟ್ ಕೀಟನಾಶಕಗಳೂ ಇದೇ ಸ್ಥಾನಕ್ಕೆ ಅಂಟುತ್ತವೆ, ಆದರೆ ಬೇಗ ಬಿಡುತ್ತವೆ. ಆರ್ಗನೋಫಾಸ್ಫೇಟಿಗೆ ತುತ್ತಾದ ಮೀನಿನ ಮಿದುಳು ಚೇತರಿಸಿಕೊಳ್ಳಲು ವಾರಗಳೇ ಬೇಕಾಗಬಹುದು. ಹೀಗಾಗಿ ವಿಷ ಹರಿದುಹೋದ ಮೇಲೂ ಅದರ ಗುರುತು ಮಿದುಳಿನಲ್ಲಿ ಸಿಗುತ್ತದೆ. ಈ ಕಿಣ್ವದ ಚಟುವಟಿಕೆಯನ್ನು ಅಳೆಯಲು ಜಾರ್ಜ್ ಎಲ್‌ಮನ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ರೂಢಿಯಲ್ಲಿದೆ. ಕಿಣ್ವಕ್ರಿಯೆಯಿಂದ ಮೂಡುವ ಹಳದಿ ಬಣ್ಣವನ್ನು ಇದರಲ್ಲಿ 412 ನ್ಯಾನೊಮೀಟರ್ ತರಂಗಾಂತರದಲ್ಲಿ ಅಳೆಯಲಾಗುತ್ತದೆ.

ಲೋಹಗಳು: ಸಿಹಿನೀರಿನ ಮೀನಿನ ದೇಹದಿಂದ ಲವಣ ಸದಾ ಸೋರುತ್ತಿರುತ್ತದೆ. ಆ ನಷ್ಟವನ್ನು ತುಂಬಲು ಕಿವಿರಿನ ಸೋಡಿಯಂ-ಪೊಟ್ಯಾಸಿಯಂ ಎಟಿಪಿಯೇಸ್ ಕಿಣ್ವ ಬೇಕು. ತಾಮ್ರ ಅದನ್ನು ತಡೆದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಲೋಹಗಳು ಕಿವಿರಿಗೆ ಅಂಟುವುದನ್ನು ಕಡಿಮೆ ಮಾಡುವುದರಿಂದ, ಅಷ್ಟೇ ತಾಮ್ರ ಮೆದು ನೀರಿನಲ್ಲಿ ಹೆಚ್ಚು ಅಪಾಯಕಾರಿ. ಸೀಸವು ಹೀಮ್ ತಯಾರಿಕೆಗೆ ಬೇಕಾದ ಡೆಲ್ಟಾ-ಅಮೈನೊಲೆವುಲಿನಿಕ್ ಆಮ್ಲ ಡಿಹೈಡ್ರಟೇಸನ್ನು ಕುಗ್ಗಿಸುತ್ತದೆ. ಪಾದರಸ ಕಿಣ್ವಗಳ ಗಂಧಕಯುಕ್ತ ಗುಂಪುಗಳಿಗೆ ಅಂಟುತ್ತದೆ.

ಏರುವ ಕಿಣ್ವಗಳು: ತೈಲದಲ್ಲಿನ ಬಹುವಲಯ ಹೈಡ್ರೋಕಾರ್ಬನ್‌ಗಳು, ಪಿಸಿಬಿ ಮತ್ತು ಡಯಾಕ್ಸಿನ್‌ಗಳು ಯಕೃತ್ತಿನಲ್ಲಿ ಸೈಟೋಕ್ರೋಮ್ ಪಿ450 1ಎ ಉತ್ಪಾದನೆಯನ್ನು ಹೆಚ್ಚಿಸುತ್ತವೆ. ವಿಷ ನಿವಾರಣೆಗೆ ನೆರವಾಗುವ ಈ ಕಿಣ್ವವೇ ಬೆಂಜೊಪೈರೀನನ್ನು ಡಿಎನ್‌ಎಗೆ ಹಾನಿ ಮಾಡುವ ರೂಪಕ್ಕೆ ತಿರುಗಿಸುವ ಹಾದಿಯಲ್ಲೂ ಪಾಲುಗೊಳ್ಳುತ್ತದೆ. ಆಮ್ಲಜನಕದ ಉಗ್ರ ಕಣಗಳನ್ನು ಅಡಗಿಸುವ ಕ್ಯಾಟಲೇಸ್, ಸೂಪರಾಕ್ಸೈಡ್ ಡಿಸ್ಮ್ಯುಟೇಸ್‌ಗಳು ಹಲವು ಬಾರಿ ಮೊದಲು ಏರಿ, ಒತ್ತಡ ಮಿತಿಮೀರಿದಾಗ ಕುಸಿಯುತ್ತವೆ. ಯಕೃತ್ತಿನ ಜೀವಕೋಶಗಳು ಹಾಳಾದರೆ ಅವುಗಳೊಳಗಿನ ಟ್ರಾನ್ಸಮಿನೇಸ್‌ಗಳು ರಕ್ತಕ್ಕೆ ಸೋರುತ್ತವೆ.

ಅರ್ಥೈಸುವಿಕೆ: ಏರಿಕೆ, ಇಳಿಕೆ ಎರಡೂ ಕೆಡುಕಿನ ಲಕ್ಷಣವಾಗಬಹುದು, ಏರಿ ಕುಸಿಯುವ ಕಿಣ್ವ ನಡುವೆ ಸಹಜ ಮಟ್ಟದಲ್ಲಿರುವಂತೆಯೂ ತೋರಬಹುದು. ನೀರಿನ ಉಷ್ಣತೆ, ಋತು, ವಯಸ್ಸು, ಲಿಂಗಗಳೂ ಪ್ರಭಾವ ಬೀರುತ್ತವೆ. ಮೊಟ್ಟೆಯಿಡುವ ಕಾಲದಲ್ಲಿ ಅನೇಕ ಪ್ರಭೇದಗಳ ಹೆಣ್ಣುಮೀನುಗಳಲ್ಲಿ ಸೈಟೋಕ್ರೋಮ್ ಪಿ450 1ಎ ಸಹಜವಾಗಿಯೇ ತಗ್ಗುತ್ತದೆ. ಆದ್ದರಿಂದ ಒಂದೇ ಕಿಣ್ವವನ್ನು ನೆಚ್ಚದೆ ಹಲವನ್ನು ಒಟ್ಟಿಗೆ ಅಳೆದು, ಅದೇ ಋತುವಿನಲ್ಲಿ ಶುದ್ಧ ನೀರಿನಿಂದ ಹಿಡಿದ ಅದೇ ಪ್ರಭೇದದ ಮೀನುಗಳೊಂದಿಗೆ ಹೋಲಿಸುತ್ತಾರೆ. ನೀರಿನ ರಾಸಾಯನಿಕ ಪರೀಕ್ಷೆಯನ್ನೂ ಜೊತೆಗೆ ನಡೆಸುತ್ತಾರೆ.